ಹದಿಮೂರನೆಯ ಕಂತಿನ ಎರಡು ನಿಮಿಷ ಹತ್ತು ಸೆಕೆಂಡು

ಜನವರಿ 5, 2025, ಭಾನುವಾರ

ಬ್ಯಾಂಕಿನವರು ಕೊಟ್ಟ ಡೈರಿಯಲ್ಲಿ ಜನವರಿ ಹತ್ತರ ತನಕ ಬರೆದು ಆಮೇಲೆ ಕೈಬಿಡುವುದು ನನ್ನ ಪದ್ಧತಿ. ಏನಾದರೂ ನಡೆದರೆ ತಾನೇ ಬರೆಯುವುದು. ಈ ವರ್ಷ ಐದನೇ ತಾರೀಖಿಗೇ ಮನೆ ಬಾಗಿಲಿಗೆ ಬಂತು.

ಬಂದವಳು ಶಿವರಂಜಿನಿ. ಕಾಟನ್‌ಪೇಟೆಯಲ್ಲಿ ಅವಳ ತಂದೆಯ ಸಗಟು ಅಂಗಡಿಯ ಮಹಡಿಯಲ್ಲಿ ಪಿಟೀಲು ಪಾಠ ಹೇಳುತ್ತಾಳೆ. ನಲವತ್ತೈದರ ಹತ್ತಿರದ ವಯಸ್ಸು. ಇಪ್ಪತ್ತು ಜನರ ಒಂದು ವಾದ್ಯವೃಂದ ಕಟ್ಟಿಕೊಂಡಿದ್ದಾಳೆ. ಮಾರ್ಚ್ ಎರಡರಂದು ಬಸವನಗುಡಿಯಲ್ಲಿ ಶೀನಣ್ಣನವರು ಸಂಯೋಜಿಸಿದ ಸಂಗೀತವನ್ನು ಮಾತ್ರ ನುಡಿಸುತ್ತಾರಂತೆ. ಅದೂ ಯಾವ ಸಂಗೀತ? 'ಏಳನೆಯ ಕಕ್ಷೆ' ಎಂಬ ಟೀವಿ ಧಾರಾವಾಹಿಯ ಹಿನ್ನೆಲೆ ಸಂಗೀತ. ಬಾಹ್ಯಾಕಾಶದ ಕಥೆ, ಹದಿಮೂರು ಕಂತು, 1988. ಅದನ್ನು ಇವಳು ಮಗುವಾಗಿದ್ದಾಗ ನೋಡಿ ಪಿಟೀಲು ಕಲಿತಳಂತೆ. ಅದನ್ನು ನೋಡಿ ಯಾರಾದರೂ ಏನಾದರೂ ಕಲಿತಿರಬಹುದು ಎಂದು ನನಗೆ ಈವತ್ತಿನವರೆಗೂ ಹೊಳೆದಿರಲಿಲ್ಲ.

"ಸಂಗೀತದ ಒರಿಜಿನಲ್ ಟೇಪೆಲ್ಲ ನಿಮ್ಮ ಹತ್ರಾನೇ ಇದೆ ಅಂತ ಶೀನಣ್ಣನವರು ಹೇಳಿದ್ರು ಸರ್," ಎಂದಳು. "ನನ್ನ ಆಸ್ತಿ ಎಲ್ಲ ಚಾಮರಾಜಪೇಟೆಲಿ ವಾದಿರಾಜನ ಮನೇಲಿದೆ, ಹೋಗಿ ತಗೋ ಅಂದ್ರು."

"ಇದೆ," ಎಂದೆ. "ಟ್ರಂಕಲ್ಲಿದೆ. ಟ್ರಂಕು ಮೈಸೂರಲ್ಲಿ ನಮ್ಮ ತಮ್ಮನ ಮನೇಲಿದೆ. ತರಿಸ್ತೀನಿ."

ಮೂವತ್ತಾರು ವರ್ಷ ಹೇಳಿ ಹೇಳಿ ಅಭ್ಯಾಸವಾದ ಸುಳ್ಳು. ನಾಲಗೆ ತಾನಾಗಿ ಹೊರಳಿತು. ಟ್ರಂಕು ಇಲ್ಲ, ಟೇಪೂ ಇಲ್ಲ. ಮೈಸೂರಿನಲ್ಲಿ ತಮ್ಮನಿದ್ದಾನೆ, ಅಷ್ಟು ಮಾತ್ರ ನಿಜ.

ಜನವರಿ 7, ಮಂಗಳವಾರ

ನಿದ್ದೆ ಸರಿಯಾಗಿಲ್ಲ. ನಡೆದದ್ದನ್ನು ನಡೆದ ಹಾಗೆ ನನಗೋಸ್ಕರ ಬರೆದಿಡುತ್ತೇನೆ.

ಆಗ ಸಪ್ತಧ್ವನಿ ಸ್ಟುಡಿಯೊದಲ್ಲಿ ನಾನು ಟೇಪು ಓಡಿಸುವವನೂ ಹೌದು, ಟೇಪುಗಳನ್ನು ಕಾಯುವವನೂ ಹೌದು. ಟೇಪಿಗೆ ಯಾವಾಗಲೂ ಬರ. ಆರು ತಿಂಗಳು ಹಳೆಯದಾದದ್ದನ್ನು ಅಳಿಸಿ ಮತ್ತೆ ಬಳಸುವುದು ನಿಯಮ. ಉಳಿಸಬೇಕಾದದ್ದರ ಡಬ್ಬಿಗೆ ಕೆಂಪು ಪೆನ್ಸಿಲ್ಲಿನಲ್ಲಿ ಒಂದು ಬೊಟ್ಟು. ಬೊಟ್ಟಿದ್ದದ್ದನ್ನು ಯಾರೂ ಮುಟ್ಟುವ ಹಾಗಿಲ್ಲ.

1988ರ ಆಯುಧಪೂಜೆಯ ಬೆಳಿಗ್ಗೆ ಶೀನಣ್ಣ 'ಏಳನೆಯ ಕಕ್ಷೆ'ಯ ಸಂಗೀತದ ಎರಡು ಸ್ಪೂಲು ತಂದು, "ವಾದಿ, ಇದಕ್ಕೆ ಬೊಟ್ಟಿಟ್ಬಿಡು," ಎಂದರು. ಪೆನ್ಸಿಲ್ಲು ಸಿಗಲಿಲ್ಲ. ಯಂತ್ರಗಳ ಪೂಜೆಗೆಂದು ಕುಂಕುಮ ಕಲಸುತ್ತಿದ್ದೆ. ಅದರಲ್ಲೇ ಬೆರಳದ್ದಿ ಎರಡು ಡಬ್ಬಿಗೂ ಬೊಟ್ಟಿಟ್ಟೆ. ಶೀನಣ್ಣ ನಕ್ಕು, "ಈಗ ದೇವರೇ ಕಾಯ್ತಾನೆ ಬಿಡು," ಎಂದರು. ಆಮೇಲೆ ಪೂಜೆಯಲ್ಲಿ ಯಂತ್ರಗಳಿಗೆ, ಕಪಾಟುಗಳಿಗೆ, ಅಲ್ಲಿದ್ದ ಇನ್ನೂರು ಡಬ್ಬಿಗೂ ಕುಂಕುಮ ಹಚ್ಚಿದ್ದಾಯಿತು. ಎರಡು ದಿನ ಕಳೆದ ಮೇಲೆ, ಕುಂಕುಮದ ಪುಡಿ ಯಂತ್ರಕ್ಕೆ ಸೇರುತ್ತದೆ ಎಂದು ಮಾಲೀಕರು ಕೂಗಾಡಿದರು. ಒದ್ದೆ ಬಟ್ಟೆ ತೆಗೆದುಕೊಂಡು ನಾನೇ ಎಲ್ಲವನ್ನೂ ಒರೆಸಿದೆ. ಪೆನ್ಸಿಲ್ಲಿನ ಬೊಟ್ಟುಗಳು ಉಳಿದವು.

ಮುಂದಿನ ಏಪ್ರಿಲ್‌ನಲ್ಲಿ ಬೊಟ್ಟಿಲ್ಲದ ಹಳೆಯ ಸ್ಪೂಲುಗಳನ್ನೆಲ್ಲ ಅಳಿಸುವ ಯಂತ್ರದ ಮೇಲಿಟ್ಟೆ. ಶೀನಣ್ಣನ ಎರಡು ಸ್ಪೂಲೂ ಅದರಲ್ಲಿದ್ದವು. ಗುಂಯ್ ಎಂದು ಅರ್ಧ ನಿಮಿಷ, ಅಷ್ಟೇ ಕೆಲಸ. ರಾಶಿ ಕೆಲಸವಿದ್ದುದರಿಂದ ಡಬ್ಬಿಯ ಮೇಲಿನ ಹೆಸರು ಓದಲಿಲ್ಲ. ಇದರಲ್ಲಿ ನನ್ನ ತಪ್ಪು ಎಷ್ಟು? ನಿಯಮದ ಪ್ರಕಾರ ಹೋದೆ. ಬೇರೆ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು.

ಜನವರಿ 11, ಶನಿವಾರ

ರಂಜಿನಿಯ ಜೊತೆ ಶೀನಣ್ಣನ ಮನೆಗೆ ಹೋಗಲೇಬೇಕಾಯಿತು. ವಿ.ವಿ. ಪುರಂನಲ್ಲಿ ಅವರೆಕಾಯಿ ಮೇಳದ ಜನಜಂಗುಳಿ, ಆಟೋದಲ್ಲೇ ಮುಕ್ಕಾಲು ಗಂಟೆ. ಇನ್ನೂ ತಡವಾಗಲಿ ಎಂದೇ ನನ್ನ ಮನಸ್ಸಿನಲ್ಲಿತ್ತು.

ಶೀನಣ್ಣನಿಗೆ ಎಂಬತ್ತನಾಲ್ಕು. ಹೃದಯ ಸೋತಿದೆ. ಮೂಗಿಗೆ ಕೊಳವೆ, ಮಂಚದ ಪಕ್ಕದಲ್ಲಿ ಆಮ್ಲಜನಕದ ಯಂತ್ರ. ನಾಲ್ಕು ಮಾತಾಡಿದರೆ ಎರಡು ಉಸಿರು ಬೇಕು. ತಲೆ ಮಾತ್ರ ಮೊದಲಿನಷ್ಟೇ ಚುರುಕು, ಬಾಯಿ ಮೊದಲಿನಷ್ಟೇ ಖಾರ. ಅವರ ಹೆಂಡತಿ ಜಾನಕಮ್ಮ ಅವರೇಕಾಳಿನ ಉಪ್ಪಿಟ್ಟು ಮಾಡಿದ್ದರು. ತಟ್ಟೆ ಹಿಡಿದುಕೊಂಡು ಕೂತೆ.

ರಂಜಿನಿ ಕೇಳಿದಳು, "ಟೇಪು ಬರೋ ಅಷ್ಟರಲ್ಲಿ ಮುಖ್ಯವಾದ ಒಂದೆರಡು ಭಾಗ ನೀವೇ ಹಾಡ್ತೀರಾ ಸರ್? ಬರ್ಕೊಳ್ತೀನಿ."

"ಯಾತಕ್ಕಮ್ಮಾ? ಇಪ್ಪತ್ತೆರಡು ಜನ ಕೂತು ನುಡಿಸಿರೋದು ಟೇಪಲ್ಲಿದೆ. ಅದನ್ನ ಬಿಟ್ಟು ಈ ಮುದುಕನ ಕೆಮ್ಮು ಬರ್ಕೊಂಡು ಏನ್ಮಾಡ್ತೀಯಾ? ನೋಡು, ಈ ವಾದಿ ಇದಾನಲ್ಲ, ಇವನಿಗೆ ಸ ಯಾವುದು ಪ ಯಾವುದು ಗೊತ್ತಿಲ್ಲ. ಆದ್ರೆ ವಸ್ತು ಕಾಯೋದ್ರಲ್ಲಿ ಇವನಂಥೋನಿಲ್ಲ."

ಆಗ ಹೇಳಬಹುದಿತ್ತು. ಬಾಯಿ ತೆರೆದೆ. ಉಪ್ಪಿಟ್ಟು ಚೆನ್ನಾಗಿದೆ ಎಂದೆ.

ಜನವರಿ 14, ಸಂಕ್ರಾಂತಿ

ಎಳ್ಳು-ಬೆಲ್ಲ ಕೊಡುತ್ತಾ ಗಿರಿಜಾ ಕೇಳಿದಳು: "ರೀ, ಆ ಹುಡುಗಿ ಫೋನ್ ಮಾಡಿದ್ಲು. ಯಾವ ಟ್ರಂಕು ರೀ ಅದು? ಮದುವೆ ಆಗಿ ಮೂವತ್ತೈದು ವರ್ಷ ಆಯ್ತು, ನಾನಂತೂ ನೋಡಿಲ್ಲ."

ಹೆಂಡತಿಯ ಹತ್ತಿರವೂ ಹೇಳದೆ ಇಟ್ಟಿದ್ದೆ. ಈವತ್ತು ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಎದ್ದು ಹೋಗಿ ಪೊಂಗಲ್ಲಿಗೆ ತುಪ್ಪ ಕಾಯಿಸಿದಳು. ಬೈದಿದ್ದರೆ ವಾಸಿ.

ಜನವರಿ 18, ಶನಿವಾರ

ಹಳೇ ಸುಳ್ಳಿಗೆ ಹೊಸ ಸುಳ್ಳಿನ ತೇಪೆ. ಟೇಪುಗಳಿಗೆ ಬೂಸ್ಟು ಹಿಡಿದು ಹಾಳಾಗಿವೆ, ತಮ್ಮ ಫೋನ್ ಮಾಡಿದ್ದ ಎಂದು ರಂಜಿನಿಗೆ ಹೇಳಿದೆ. "ಶೀನಣ್ಣನಿಗೆ ಹೇಳ್ಬೇಡಮ್ಮ, ಈ ಸ್ಥಿತೀಲಿ ತಡ್ಕೊಳಲ್ಲ," ಎಂದೂ ಸೇರಿಸಿದೆ. ಅವಳ ಕಣ್ಣಲ್ಲಿ ನೀರು ಬಂತು. ನನ್ನನ್ನೇ ಸಮಾಧಾನ ಮಾಡಿದಳು. ಒಳ್ಳೆಯವರಿಗೆ ಸುಳ್ಳು ಹೇಳುವುದು ಬಲು ಸುಲಭ.

ಅವಳು ಬೇರೆ ದಾರಿ ಹುಡುಕಿದ್ದಾಳೆ. ಯಾರೋ ಪುಣ್ಯಾತ್ಮರು ಹದಿಮೂರು ಕಂತನ್ನೂ ವಿಡಿಯೊ ಕ್ಯಾಸೆಟ್ಟಿನಿಂದ ಇಂಟರ್‌ನೆಟ್ಟಿಗೆ ಹಾಕಿದ್ದಾರಂತೆ. ಅದರಿಂದ ಕಂಪ್ಯೂಟರಿನಲ್ಲಿ ಮಾತನ್ನೂ ಸಂಗೀತವನ್ನೂ ಬೇರೆ ಮಾಡಬಹುದು. ಆದರೆ ಪೂರ್ತಿ ಬೇರೆಯಾಗುವುದಿಲ್ಲ. ಯಾವ ವಾದ್ಯ ಎಲ್ಲಿ ಬರುತ್ತದೆ ಎಂದು ಹೇಳಲು ರೆಕಾರ್ಡಿಂಗಿನ ದಿನ ಆ ಕೋಣೆಯಲ್ಲಿದ್ದವರು ಬೇಕು. ಇದ್ದವರಲ್ಲಿ ಉಳಿದಿರುವುದು ಶೀನಣ್ಣ ಮತ್ತು ನಾನು.

"ನನಗೆ ಸಂಗೀತ ಗೊತ್ತಿಲ್ಲಮ್ಮ. ನಾನು ಮುಳ್ಳು ನೋಡ್ತಿದ್ದೆ, ಅಷ್ಟೇ," ಎಂದೆ. ಅದು ನಿಜ. ಯಂತ್ರದ ಮುಳ್ಳು ಕೆಂಪಿಗೆ ಹೋಗದಿದ್ದರೆ ನನ್ನ ಪಾಲಿಗೆ ಸಂಗೀತ ಚೆನ್ನಾಗಿತ್ತು ಎಂದೇ ಅರ್ಥ.

"ಸುಮ್ನೆ ಕೇಳಿ ಸರ್. ಜ್ಞಾಪಕ ಬಂದಿದ್ದು ಹೇಳಿ," ಎಂದು ಕಿವಿಗೆ ಹೆಡ್‌ಫೋನು ಹಾಕಿದಳು.

ಈವತ್ತು ಬರೆದುಕೊಂಡದ್ದು: ಒಂದನೇ ಕಂತು, 0-00ರಿಂದ 1-40, ಪಿಟೀಲು, ಜೋರು. 1-40ರಿಂದ 2-05, ಏನೂ ಇಲ್ಲ. 2-05ರಿಂದ 3-30, ಪಿಟೀಲು, ಮೆತ್ತಗೆ, ಜೊತೆಗೆ ಜಲತರಂಗ.

ಜನವರಿ 23, ಗುರುವಾರ

ಐದು ದಿನದಿಂದ ದಿನಾ ಕಾಟನ್‌ಪೇಟೆ. ಕೆಳಗೆ ಗೋಣಿಚೀಲ ಇಳಿಸುವವರ ಗದ್ದಲ, ಮೇಲೆ ನಾನು ಕಿವಿ ಮುಚ್ಚಿಕೊಂಡು ಬಾಹ್ಯಾಕಾಶದಲ್ಲಿ.

ಆ ಧಾರಾವಾಹಿಯನ್ನು ಈಗ ನೋಡಿದರೆ ನಗು ಬರುತ್ತದೆ. ನೌಕೆ ಥರ್ಮೊಕೋಲಿನದು. ಹಿಂದಿನ ನಕ್ಷತ್ರಗಳು ಕಪ್ಪು ಬಟ್ಟೆಗೆ ಮಾಡಿದ ತೂತುಗಳು, ಒಂದು ಕಡೆ ಬಟ್ಟೆ ಸುಕ್ಕಾಗಿ ಅರ್ಧ ಆಕಾಶವೇ ಸುಕ್ಕು. ನೌಕೆ ಹಾರುವುದಿಲ್ಲ, ನಿಂತಲ್ಲೇ ನಿಂತಿರುತ್ತದೆ. ರಂಜಿನಿ ಸಂಗೀತ ತೆಗೆದು ಬರಿಯ ಚಿತ್ರ ತೋರಿಸಿದಳು: ಮಕ್ಕಳ ಶಾಲೆಯ ವಸ್ತುಪ್ರದರ್ಶನ. ಮತ್ತೆ ಸಂಗೀತ ಹಾಕಿದಳು. ಚೆಲ್ಲೊ ಎಂಬ ದಪ್ಪ ದನಿಯ ದೊಡ್ಡ ಪಿಟೀಲುಗಳೆರಡು ತೀರಾ ಕೆಳಗಿನಿಂದ ಎದ್ದವು, ಮೇಲೆ ಪಿಟೀಲುಗಳು ಒಂದೊಂದಾಗಿ ಸೇರಿಕೊಂಡವು, ಥರ್ಮೊಕೋಲು ಹೊರಟಿತು. ನಿಜವಾಗಿ ಹೊರಟಿತು. ನಾನು ಕುರ್ಚಿಯ ಕೈ ಹಿಡಿದುಕೊಂಡೆ.

ಇದನ್ನು ಮಾಡುವಾಗ ನಾನು ಅಲ್ಲೇ ಇದ್ದೆ, ಗಾಜಿನ ಈಚೆ. ಏನೂ ಕೇಳಿಸಿಕೊಂಡಿರಲಿಲ್ಲ.

ಶೀನಣ್ಣನದು ಒಂದು ಚಾಳಿ. ರಾಗ ಸಾಗುತ್ತಾ ಇನ್ನೇನು ಮೂಲಸ್ವರಕ್ಕೆ ಬಂದು ಕೂರಬೇಕು ಅನ್ನುವಾಗ ಪಕ್ಕಕ್ಕೆ ಸರಿದು ಬಿಡುತ್ತಾರೆ. ಹೊಸಿಲ ತನಕ ಬಂದು ಒಳಗೆ ಬಾರದೆ ಹೋಗುವ ನೆಂಟರ ಹಾಗೆ. ಮೊದಲೆರಡು ದಿನ ನನಗೆ ಸಿಟ್ಟು ಬಂತು. ಈಗ ಅಲ್ಲಿಗೆ ಬಂದಾಗಲೆಲ್ಲ ಹಿಂದಕ್ಕೆ ಓಡಿಸಿ ಮತ್ತೆ ಕೇಳುತ್ತೇನೆ. ಮನೆ ಬಿಟ್ಟು ಬಂದ ಜನರ ಕಥೆ ತಾನೇ ಅದು. ಅಷ್ಟು ಬೇಗ ಅವರನ್ನು ಮನೆಗೆ ಕರೆತಂದರೆ ಕಥೆಯೇ ಸುಳ್ಳಾಗುತ್ತದೆ.

ಇದನ್ನು ರಂಜಿನಿಗೆ ಹೇಳಿದೆ. ನನ್ನನ್ನು ಒಂದು ಥರ ನೋಡಿ, "ಇದು ನನಗೆ ಹೊಳೆದಿರ್ಲಿಲ್ಲ ಸರ್," ಎಂದಳು. ಮರ್ಯಾದೆಗೆ ಹೇಳಿರಬೇಕು.

ಜನವರಿ 27, ಸೋಮವಾರ

ಆರನೇ ಕಂತಿನಲ್ಲಿ ಕ್ಲಾರಿನೆಟ್ಟು. ನುಡಿಸಿದವರು ಮುರುಗೇಶ, ಕಾಟನ್‌ಪೇಟೆಯ ಮದುವೆ ಬ್ಯಾಂಡಿನವರು. ಶೀನಣ್ಣ ಯಾವುದೋ ಮೆರವಣಿಗೆಯಲ್ಲಿ ಕೇಳಿ, ಹಿಂದೆಯೇ ನಡೆದು ಹೋಗಿ ಕರೆದುಕೊಂಡು ಬಂದಿದ್ದರು. ಬ್ಯಾಂಡಿನ ಜರಿ ಅಂಗಿಯಲ್ಲೇ ರೆಕಾರ್ಡಿಂಗಿಗೆ ಬರುತ್ತಿದ್ದರು. ತೀರಿಕೊಂಡು ಹದಿನೈದು ವರ್ಷವಾಯಿತು.

ಅವರ ಉಸಿರು ಕೂಡ ಕೇಳುತ್ತದೆ. ಬೆಳಿಗ್ಗೆ ನಡೆಯಲು ಹೋದಾಗ ಅದನ್ನೇ ಗುನುಗುತ್ತಿದ್ದೆ ಎಂದು ಗಿರಿಜಾ ಹೇಳಿದಳು. ನನಗೆ ಗೊತ್ತಿಲ್ಲ.

ಫೆಬ್ರವರಿ 2, ಭಾನುವಾರ

ಹನ್ನೆರಡು ಕಂತು ಮುಗಿದವು. ಹದಿಮೂರರಲ್ಲಿ ಸಿಕ್ಕಿಬಿದ್ದೆವು.

ಕೊನೆಯ ದೃಶ್ಯ. ನೌಕೆ ಒಡೆಯುತ್ತಿದೆ. ವಿಜ್ಞಾನಿ ಹೆಂಗಸೊಬ್ಬಳು ಉಳಿದವರನ್ನೆಲ್ಲ ಭೂಮಿಗೆ ಕಳಿಸಿ ತಾನೊಬ್ಬಳೇ ಏಳನೆಯ ಕಕ್ಷೆಯಲ್ಲಿ ಉಳಿಯುತ್ತಾಳೆ. ಮುಖ ಕಾಣುತ್ತದೆ, ಮಾತಿಲ್ಲ. ನಿರ್ದೇಶಕರಿಗೆ ಸ್ಫೋಟದ ಸದ್ದಿನ ಹುಚ್ಚು. ಎರಡು ನಿಮಿಷ ಹತ್ತು ಸೆಕೆಂಡು ಬರೀ ಗುಡುಗು, ಮುರಿತ, ಗುಡುಗು. ಅದರ ಅಡಿಯಲ್ಲಿ ಸಂಗೀತವಿದೆ ಎಂದು ಮಾತ್ರ ತಿಳಿಯುತ್ತದೆ. ಕಂಪ್ಯೂಟರು ಎಷ್ಟು ಸೋಸಿದರೂ ಕ್ಲಾರಿನೆಟ್ಟಿನ ಒಂದೆರಡು ಚೂರು ಬಿಟ್ಟರೆ ಏನೂ ಸಿಗಲಿಲ್ಲ.

ಮುರುಗೇಶ ಒಬ್ಬರೇ ನುಡಿಸಿದ ಭಾಗ ಅದು, ನನಗೆ ನೆನಪಿದೆ. ನುಡಿಸಿ ಮುಗಿಸಿದಾಗ ಇಪ್ಪತ್ತೊಂದು ಜನ ವಾದ್ಯ ಕೆಳಗಿಟ್ಟು ಸುಮ್ಮನೆ ಕೂತಿದ್ದರು. ನಾನು ಮುಳ್ಳು ಸರಿಯಾಗಿದೆ ಎಂದು ಕೈ ಎತ್ತಿ ತೋರಿಸಿದ್ದೆ. ಆಮೇಲೆ ಮಿಕ್ಸಿಂಗ್ ಮುಗಿದು ಅದು ಗುಡುಗಿನ ಕೆಳಗೆ ಹೋಯಿತು. ಅದಾದ ಮೇಲೆ ಶೀನಣ್ಣ ಇನ್ನಾವ ಧಾರಾವಾಹಿಗೂ ಸಂಗೀತ ಮಾಡಲಿಲ್ಲ. "ಹೋಗ್ಲಿ, ಟೇಪಲ್ಲಾದ್ರೂ ಇದೆಯಲ್ಲ," ಎನ್ನುತ್ತಿದ್ದರು.

"ಇನ್ನು ಅವರೇ ಹಾಡ್ಬೇಕು ಸರ್," ಎಂದಳು ರಂಜಿನಿ. "ಅವರ ತಲೆಯಲ್ಲಿ ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ ಅದು. ಟೇಪು ಹಾಳಾಗಿದೆ ಅಂತ ಹೇಳ್ಬಿಡೋಣ. ನಾನು ಹೇಳ್ಲಾ?"

"ಬೇಡ. ಹೇಳ್ದೇನೇ ಹಾಡಿಸ್ತೀನಿ," ಎಂದೆ.

ಫೆಬ್ರವರಿ 4, ಮಂಗಳವಾರ

ಹೋದೆ. ಅದೂ ಇದೂ ಮಾತಾಡಿ, ಸಹಜವಾಗಿ ಬಂದ ಮಾತಿನ ಹಾಗೆ ಕೇಳಿದೆ: "ಶೀನಣ್ಣ, ಹದಿಮೂರನೇ ಕಂತಲ್ಲಿ ಮುರುಗೇಶ ನುಡಿಸಿದ್ರಲ್ಲ, ಅದನ್ನ ಒಂದ್ಸಲ ಹಾಡಿ ನೋಡೋಣ. ಕೇಳ್ಬೇಕು ಅನ್ನಿಸ್ತಿದೆ."

ಅವರ ಮುಖ ಅರಳಿದ ರೀತಿ ಬರೆಯಲು ಬರುವುದಿಲ್ಲ. ಮೂವತ್ತಾರು ವರ್ಷದಲ್ಲಿ ನಾನು ಅವರ ಸಂಗೀತ ಕೇಳಬೇಕು ಎಂದದ್ದು ಇದೇ ಮೊದಲು.

"ಈಗ ಬಂತೇನಯ್ಯ ನಿನಗೆ ಬುದ್ಧಿ?" ಎಂದು ನಕ್ಕರು. ನಗು ಕೆಮ್ಮಾಯಿತು, ಜಾನಕಮ್ಮ ಬೆನ್ನು ನೀವಿದರು. ಉಸಿರು ಹತೋಟಿಗೆ ಬಂದ ಮೇಲೆ ಹೇಳಿದರು: "ಹಾಡೋಕೆ ಉಸಿರಿಲ್ಲ ಕಣೋ. ಇರೋದನ್ನ ಮಾರ್ಚ್ ಎರಡಕ್ಕೆ ಉಳಿಸ್ಕೊಂಡಿದೀನಿ. ನಿನ್ ಹತ್ರಾನೇ ಇದೆಯಲ್ಲ, ಹೋಗಿ ಹಾಕ್ಕೊಂಡು ಕೇಳು. ಮುರುಗೇಶನಷ್ಟು ಚೆನ್ನಾಗಿ ನಾನು ಹಾಡಲ್ಲ."

ನಾನು ಕಾದಿಟ್ಟಿದ್ದೇನೆ ಎಂಬ ನಂಬಿಕೆಯಿಂದಲೇ ಅವರು ಅದನ್ನು ಬಾಯಿಂದ ಹೊರಗೆ ಬಿಡುತ್ತಿಲ್ಲ. ಹೇಳದಿದ್ದರೆ ಅದು ಅವರ ಜೊತೆಯಲ್ಲೇ ಹೋಗುತ್ತದೆ. ಎರಡನೇ ಸಲ, ಮತ್ತೆ ನನ್ನ ಕೈಯಿಂದಲೇ.

ಫೆಬ್ರವರಿ 5

ಹೋದೆ. ಹೇಳಲಿಲ್ಲ.

ಫೆಬ್ರವರಿ 6

ಗೇಟಿನ ತನಕ ಹೋದೆ.

ಫೆಬ್ರವರಿ 9, ಭಾನುವಾರ

ಶುಕ್ರವಾರ ಶೀನಣ್ಣನನ್ನು ಆಸ್ಪತ್ರೆಗೆ ಸೇರಿಸಿದ್ದರು. ಶ್ವಾಸಕೋಶದಲ್ಲಿ ನೀರು. ಈವತ್ತು ಮನೆಗೆ ಕರೆತಂದರು. ಇನ್ನು ಆಸ್ಪತ್ರೆ ಬೇಡ ಎಂದು ಅವರೇ ಹಟ ಹಿಡಿದರಂತೆ. ಡಾಕ್ಟರೂ ಒತ್ತಾಯ ಮಾಡಲಿಲ್ಲ ಎಂದು ಜಾನಕಮ್ಮ ಫೋನಿನಲ್ಲಿ ಹೇಳಿದರು. ಡಾಕ್ಟರು ಒತ್ತಾಯ ಮಾಡಲಿಲ್ಲವೆಂದರೆ ಏನರ್ಥ ಎಂದು ಇಬ್ಬರಿಗೂ ಗೊತ್ತಿತ್ತು.

ಊಟಕ್ಕೆ ಕೂತಾಗ ಗಿರಿಜಾ ಅಂದಳು: "ಅವರಿಗೆ ನೋವಾಗುತ್ತೆ ನೋವಾಗುತ್ತೆ ಅಂತೀರಲ್ಲ, ನೋವಾಗೋದು ನಿಮಗೆ. ಅವರ ಕಣ್ಣಲ್ಲಿ ಸಣ್ಣವನಾಗಿಬಿಡ್ತೀನಿ ಅಂತ ನಿಮಗೆ ಹೆದರಿಕೆ. ಅವರು ಕಣ್ಮುಚ್ಚಿದ ಮೇಲೆ ಆ ಹೆದರಿಕೆನೂ ಹೋಗುತ್ತೆ. ಅದಕ್ಕೆ ಕಾಯ್ತಿದೀರೇನೋ ಅಂತ ನನಗೆ ಅನುಮಾನ."

ತಟ್ಟೆ ಬಿಟ್ಟು ಎದ್ದೆ. ಹೆಂಡತಿಯ ಮೇಲೆ ಸಿಟ್ಟಿನಿಂದಲ್ಲ. ಮೊನ್ನೆ ಆಸ್ಪತ್ರೆಯ ಸುದ್ದಿ ಬಂದಾಗ ನನ್ನ ಎದೆಯೊಳಗೆ ಒಂದು ಕ್ಷಣ ಏನೋ ಹಗುರವಾಗಿತ್ತು. ಅದು ಅವಳಿಗೆ ಹೇಗೆ ಗೊತ್ತಾಯಿತು?

ಫೆಬ್ರವರಿ 11, ಮಂಗಳವಾರ

ಹೇಳಿದೆ.

ಬೆಳಿಗ್ಗೆ ಹತ್ತು ಗಂಟೆ. ಜಾನಕಮ್ಮ ಅಡುಗೆಮನೆಯಲ್ಲಿ ಬೇಳೆ ಒಗ್ಗರಣೆ ಹಾಕುತ್ತಿದ್ದರು. ಶೀನಣ್ಣ ದಿಂಬಿಗೆ ಒರಗಿ ಕೂತು ಪೇಪರು ಮಡಿಚುತ್ತಿದ್ದರು.

"ಶೀನಣ್ಣ, ಟೇಪು ಇಲ್ಲ," ಎಂದೆ. "ಬೂಸ್ಟು ಹಿಡಿದಿದ್ದಲ್ಲ, ಕಳೆದಿದ್ದಲ್ಲ. ನಾನೇ ಅಳಿಸಿದ್ದು."

ಪೇಪರು ಮಡಿಚುವುದನ್ನು ಮುಂದುವರಿಸಿದರು. ಕೇಳಿಸಲಿಲ್ಲವೇನೋ ಎಂದುಕೊಂಡೆ. ಆಮೇಲೆ ಕೇಳಿದರು:

"ಯಾವಾಗ?"

"ಎಂಬತ್ತೊಂಬತ್ತು ಏಪ್ರಿಲ್."

"ಅದರ ಮೇಲೆ ಏನು ತುಂಬಿದೆ?"

"ಊದಿನಕಡ್ಡಿ ಜಾಹೀರಾತು."

ಕುಂಕುಮದ ಕಥೆ ಹೇಳಿದೆ. ಒದ್ದೆ ಬಟ್ಟೆಯ ಕಥೆ ಹೇಳಿದೆ. ನಿಯಮ ಎಂದೆ, ಟೇಪಿಗೆ ಬರ ಇತ್ತು ಎಂದೆ. ಕೇಳುತ್ತಾ ಕೇಳುತ್ತಾ ಅವರು ಕಣ್ಣು ಮುಚ್ಚಿದ್ದರು. ಮುಚ್ಚಿದ ಕಣ್ಣಲ್ಲೇ ಕೇಳಿದರು, "ಡಬ್ಬಿ ಮೇಲೆ ನನ್ನ ಕೈಯಿಂದಲೇ ಹೆಸರು ಬರೆದಿದ್ನಲ್ಲ. ನೀನು ಓದ್ಲಿಲ್ವಾ?"

ಓದಿದ್ದೆ. ಈ ಡೈರಿಯಲ್ಲಿ ಓದಲಿಲ್ಲ ಎಂದು ಬರೆದಿದ್ದೇನೆ, ಅದು ಸುಳ್ಳು. ದೊಡ್ಡ ದೊಡ್ಡ ಅಕ್ಷರದಲ್ಲಿ 'ಏಳನೆಯ ಕಕ್ಷೆ, ಸಂಗೀತ' ಎಂದಿತ್ತು. ಓದಿದೆ. ಬೊಟ್ಟು ಇರಬೇಕಿತ್ತಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಫೋನ್ ಮಾಡಿ ಕೇಳಲು ಸೋಮಾರಿತನ. ಧಾರಾವಾಹಿ ಮುಗಿದಿದೆ, ಹಿನ್ನೆಲೆ ಸಂಗೀತ ತಾನೇ, ಅದನ್ನು ಇನ್ನು ಯಾರು ಕೇಳುತ್ತಾರೆ ಎಂದುಕೊಂಡು ಯಂತ್ರದ ಮೇಲಿಟ್ಟೆ.

"ಓದಿದ್ದೆ," ಎಂದೆ.

ಕ್ಷಮಿಸಿ ಎನ್ನಬೇಕೆಂದು ಹೋದವನಿಗೆ ಆ ಮಾತು ಬಾಯಿಗೆ ಬರಲಿಲ್ಲ. ಅಷ್ಟು ದೊಡ್ಡದಕ್ಕೆ ಅದು ತೀರಾ ಸಣ್ಣ ಮಾತು.

"ಹೋಗು ವಾದಿರಾಜ," ಎಂದರು. ವಾದಿ ಎನ್ನಲಿಲ್ಲ.

ಜಾನಕಮ್ಮ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿತ್ತು ಅವರಿಗೆ. ಚಪ್ಪಲಿ ಹಾಕಿಕೊಳ್ಳುವಾಗ ದಿನದ ಹಾಗೆ 'ಹೋಗ್ಬಿಟ್ಟು ಬನ್ನಿ' ಎನ್ನಲಿಲ್ಲ.

ರಸ್ತೆಗೆ ಬಂದು ರಂಜಿನಿಗೆ ಫೋನ್ ಮಾಡಿ ಅವಳಿಗೂ ಪೂರ್ತಿ ಹೇಳಿದೆ. ಅವಳು ಫೋನಿಟ್ಟಳು.

ಫೆಬ್ರವರಿ 13, ಗುರುವಾರ

ಯಾರ ಫೋನೂ ಇಲ್ಲ. ಕಾಟನ್‌ಪೇಟೆಗೆ ಹೋಗಲು ಮುಖವಿಲ್ಲ. ಮೊಬೈಲಿನಲ್ಲೇ ನಾಲ್ಕನೆಯ ಕಂತು ಹಾಕಿಕೊಂಡು ಕೇಳಿದೆ, ಆಮೇಲೆ ಏಳು, ಆಮೇಲೆ ಹನ್ನೊಂದು. ಬೇರೆ ಏನು ಮಾಡಲಿ? ಹನ್ನೊಂದರಲ್ಲಿ ಪಿಟೀಲುಗಳೆಲ್ಲ ಒಟ್ಟಿಗೆ ನಿಂತುಹೋಗಿ ಎರಡನೇ ಚೆಲ್ಲೊ ಮಾತ್ರ ಉಳಿಯುವ ಒಂದು ಜಾಗವಿದೆ. ಅಲ್ಲಿ ಅತ್ತುಬಿಟ್ಟೆ. ಅರವತ್ತನಾಲ್ಕು ವರ್ಷದ ಗಂಡಸು, ಥರ್ಮೊಕೋಲಿನ ನೌಕೆ ನೋಡಿಕೊಂಡು.

ಫೆಬ್ರವರಿ 15, ಶನಿವಾರ

ರಂಜಿನಿ ಫೋನ್ ಮಾಡಿದಳು. ದನಿ ಬಿಗಿಯಾಗಿಯೇ ಇತ್ತು.

"ಶೀನಣ್ಣನವರು ಕರೆದಿದ್ರು. ನಾಳೆ ಹಾಡ್ತಾರಂತೆ, ಬರ್ಕೋ ಅಂದ್ರು. ನೀವು ಒಳಗೆ ಬರ್ಬಾರ್ದು ಅಂದಿದಾರೆ ಸರ್."

"ಸರಿನಮ್ಮ."

"ಒಳಗೆ ಬರ್ಬಾರ್ದು ಅಂದಿದಾರೆ ಅಷ್ಟೇ. ಮನೆಗೆ ಬರ್ಬಾರ್ದು ಅಂದಿಲ್ಲ. ನಾನು ಕೇಳಿದೆ." ಆಮೇಲೆ ಹೇಳಿದಳು, "ನನಗಿನ್ನೂ ಕೋಪ ಇದೆ. ಆದ್ರೂ ಬನ್ನಿ."

ಫೆಬ್ರವರಿ 16, ಭಾನುವಾರ

ಹಜಾರದಲ್ಲಿ ಕೂತೆ. ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಜಾನಕಮ್ಮ ಕಾಫಿ ತಂದಿಟ್ಟರು. "ಕೊಡು ಅಂದ್ರು, ಅದಕ್ಕೆ ಕೊಡ್ತಿದೀನಿ," ಎಂದು ಹೇಳಿ, ನನ್ನ ಮುಖ ನೋಡದೆ ಒಳಗೆ ಹೋಗಿ ಮಂಚದ ಬಳಿ ಕೂತರು.

ಶೀನಣ್ಣ ಹಾಡತೊಡಗಿದರು. ಹಾಡು ಎನ್ನುವ ಹಾಗಿಲ್ಲ. ನಾಲ್ಕು ಸ್ವರ, ಒಂದು ಉಸಿರು. ಮತ್ತೆ ಮೂರು ಸ್ವರ, ಇನ್ನೊಂದು ಉಸಿರು. ಗಂಟಲು ಒಡೆದ ಮಡಕೆಯಾಗಿತ್ತು. ಆದರೂ ನನಗೆ ಮುರುಗೇಶರ ಕ್ಲಾರಿನೆಟ್ಟು ಕೇಳಿಸಿತು, ಆ ಹೆಂಗಸಿನ ಮುಖ ಕಂಡಿತು. ರಂಜಿನಿ ಒಂದೊಂದು ಸಾಲು ಬರೆದುಕೊಂಡು ಪಿಟೀಲಿನಲ್ಲಿ ನುಡಿಸಿ ತೋರಿಸುತ್ತಿದ್ದಳು. ಅವರು "ಹೂಂ" ಎಂದ ಮೇಲೆ ಮುಂದಿನ ಸಾಲು.

ಐದನೇ ಸಾಲಿನ ಕೊನೆಯ ಸ್ವರ ಹಾಡುವಾಗ ಅವರಿಗೆ ಉಸಿರು ಸಾಲಲಿಲ್ಲ. ಬರೀ ಗಾಳಿ ಬಂತು. ರಂಜಿನಿ ತನಗೆ ತಿಳಿದಂತೆ ನುಡಿಸಿದಳು.

"ಅಲ್ಲ," ಎಂದರು.

ಮತ್ತೊಂದು ಥರ ನುಡಿಸಿದಳು.

"ಅಲ್ಲಮ್ಮ." ಮತ್ತೆ ಹಾಡಲು ಹೋದರು. ಕೆಮ್ಮು ಹತ್ತಿಕೊಂಡಿತು. ಜಾನಕಮ್ಮ "ಸಾಕು, ನಾಳೆ ಮಾಡಿದ್ರಾಯ್ತು," ಎಂದರು. ನಾಳೆ ಎನ್ನುವುದನ್ನು ಕೇಳಿ ನನಗೆ ಭಯವಾಯಿತು. ರಂಜಿನಿ ಮೂರನೇ ಸಲವೂ ಮೂಲಸ್ವರಕ್ಕೇ ಬಂದು ನಿಂತಳು. ಯಾರಾದರೂ ಅಲ್ಲಿಗೇ ಬರುತ್ತಾರೆ, ಅಷ್ಟು ಹತ್ತಿರವಿತ್ತು.

ಅದು ಅಲ್ಲ ಎಂದು ನನಗೆ ಗೊತ್ತಿತ್ತು. ಆ ಹೆಂಗಸು ಮನೆಗೆ ಹೋಗುವುದಿಲ್ಲ. ಶೀನಣ್ಣ ಅವಳನ್ನು ಅಲ್ಲಿಗೆ ತರುವುದಿಲ್ಲ. ಅರ್ಧ ಮೆಟ್ಟಿಲು ಕೆಳಗೆ ಇಳಿದು, ಅಲ್ಲೇ ಬಿಟ್ಟುಬಿಡುತ್ತಾರೆ. ಒಳಗೆ ಬರಬಾರದು ಎಂಬುದು ನೆನಪಿತ್ತು, ಮಾತಾಡಬಾರದು ಎಂದಿರಲಿಲ್ಲ. ಕೂತಲ್ಲಿಂದಲೇ ಆ ಸ್ವರ ಹಾಡಿದೆ. ಜನ್ಮದಲ್ಲಿ ನಾನು ಇನ್ನೊಬ್ಬರಿಗೆ ಕೇಳುವ ಹಾಗೆ ಹಾಡಿದವನಲ್ಲ. ದನಿ ನಡುಗಿತು. ಎಳೆದು ಹಿಡಿದೆ.

ಒಳಗೆ ಕೆಮ್ಮು ನಿಂತಿತು. ರಂಜಿನಿಯ ಪಿಟೀಲು ಹುಡುಕಿಕೊಂಡು ಬಂದು ಆ ಸ್ವರವನ್ನು ಮುಟ್ಟಿತು.

"ಹೂಂ," ಎಂದರು ಶೀನಣ್ಣ. ಆಮೇಲೆ ರಂಜಿನಿಯನ್ನು ಕೇಳಿದರು, "ಅವನಿಗೆ ಹೇಗಮ್ಮ ಗೊತ್ತಾಯ್ತು?"

"ಒಂದು ತಿಂಗಳಿಂದ ಅವರು ಇದನ್ನೇ ಕೇಳ್ತಿದಾರೆ ಸರ್. ಬೇರೆ ಏನೂ ಕೇಳಲ್ಲ."

ಮಂಚ ಕಿರುಗುಟ್ಟಿತು. ಬಾಗಿಲ ಕಡೆ ಹೊರಳಿರಬೇಕು. ಈ ಸಲ ದನಿ ನೇರ ನನ್ನ ಕಡೆಗೇ ಬಂತು.

"ಮುಂದಿನ ಸಾಲು ಗೊತ್ತಾ ನಿನಗೆ?"

ಮೂವತ್ತಾರು ವರ್ಷ ಆ ಮನುಷ್ಯ ಏನು ಕೇಳಿದರೂ ಇದೆ, ಗೊತ್ತು, ಭದ್ರವಾಗಿದೆ ಎಂದವನು ನಾನು.

"ಇಲ್ಲ ಶೀನಣ್ಣ," ಎಂದೆ. "ಗೊತ್ತಿಲ್ಲ."

"ಹಾಗಾದ್ರೆ ಬಾಯಿ ಮುಚ್ಕೊಂಡು ಕೇಳು."

ಅವರಿಗೆ ಆಯಾಸವಾಗುತ್ತಿದೆ ಎಂದೋ, ನನ್ನ ಮೇಲಿನ ಸಿಟ್ಟಿಗೋ, ಜಾನಕಮ್ಮ ಬಾಗಿಲು ಪೂರ್ತಿ ಮುಚ್ಚಲು ಎದ್ದರು. ಅವರ ಕೈ ಚಿಲಕದ ಮೇಲೆ ಕಂಡಿತು.

"ತೆಗ್ದಿರ್ಲಿ," ಎಂದರು ಶೀನಣ್ಣ. "ಇನ್ನೂ ಆರು ಸಾಲಿದೆ. ಅಲ್ಲಿಗೂ ಕೇಳಿಸ್ಬೇಕು."